ಅಯ್ಯನ ಬಲಪಾದ

ಅಂಗೈ ಮೇಲಿನ ಲಿಂಗದಲ್ಲಿ ಇವತ್ತೂ ಮೊದಲು ಕಂಡದ್ದು ಬಸಗೊಂಡಪ್ಪನ ಮೀಸೆ. ಈರಯ್ಯ ಕಣ್ಣು ಮುಚ್ಚಿದ, ತೆರೆದ, ಮತ್ತೆ ದಿಟ್ಟಿಸಿದ. ಎಡಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು ಆ ಕರಿಯ ಹೊಳಪಿನಲ್ಲಿ ದೃಷ್ಟಿ ನೆಟ್ಟರೆ ಒಂದು ಕಾಲಕ್ಕೆ ಜಗಲಿ, ಗೋಡೆ, ಹೊರಗಿನ ಎಮ್ಮೆಯ ಕೂಗು ಎಲ್ಲ ಕರಗಿಹೋಗುತ್ತಿದ್ದವು. ಈಗ ಬಬಲೇಶ್ವರದ ಊರಿಗೆ ಊರೇ ಅದರೊಳಗೆ ಬಂದು ಕೂಡುತ್ತದೆ. ಮೀಸೆಯ ಹಿಂದೆ ಚಾವಡಿ, ಚಾವಡಿಯ ಕಟ್ಟೆಯ ಮೇಲೆ ಪಂಚರು, ಅವರ ಬೆನ್ನ ಹಿಂದೆ ಸೆರಗನ್ನು ಬಾಯಿಗೊತ್ತಿಕೊಂಡು ನಿಂತ ಪರಸವ್ವ. ಶಿವನೇ, ನನ್ನ ಸುತ್ತ ಗೋಡೆಯಾಗಿ ನಿಂತವರಿಗೂ ನೀನೇ ಒಳ್ಳೆಯದು ಮಾಡು ಎಂದು ಬಾಯಿ ಬೇಡುತ್ತದೆ. ಬಾಯಿಯ ಹಿಂದೆ ಇನ್ನೊಬ್ಬ ಕುಳಿತು, ಬಸಗೊಂಡನ ಎತ್ತಿನ ಕಾಲು ಮುರಿಯಲಿ, ಎನ್ನುತ್ತಾನೆ. ಕಾರಹುಣ್ಣಿವೆಯಲ್ಲಿ ಆ ಎತ್ತು ನಿಜವಾಗಿಯೂ ಕುಂಟಿತು. ಈರಯ್ಯ ಆ ದಿನ ಹೆದರಿದ, ಸಂತೋಷವನ್ನೂ ಪಟ್ಟ, ಸಂತೋಷಪಟ್ಟದ್ದಕ್ಕೆ ಇನ್ನಷ್ಟು ಹೆದರಿದ. ಮೂಕ ಪ್ರಾಣಿ ಏನು ಮಾಡಿತ್ತು? ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಜನ ಆಡಿಕೊಳ್ಳುತ್ತಾರೆ. ಇಲ್ಲಿ ಪೂಜಾರಿಯೇ ಕೈಯೊಡ್ಡಿ ಕೂತು, ಎಷ್ಟು ದಿನವಾದರೂ ಒಂದೇ ಮಾತು ಜಪಿಸುತ್ತಿದ್ದ: ಬಾಗಿಲು ತೆಗೆಸು, ಊರಿನ ಬಾಗಿಲು ತೆಗೆಸು. ನಾನಲ್ಲ ಅಂತ ನೀನೂ ಬಲ್ಲೆ, ಒಳಗೆ ರೊಟ್ಟಿ ಬಡಿಯುವ ಹೆಂಡತಿ ನೀಲಾ ಕೂಡ ಬಲ್ಲಳು. ಮೂರನೆಯವರಿಗೆ ಗೊತ್ತಾಗಲಿ.

ಮೂರನೆಯವನಿಗೂ ಗೊತ್ತಿತ್ತು. ಆ ಮುಖವೊಂದು ಮಾತ್ರ ಲಿಂಗದಲ್ಲಿ ಕಾಣದಂತೆ ಈರಯ್ಯ ತನ್ನ ಮನಸ್ಸನ್ನು ಹೇಗೋ ಪಳಗಿಸಿಕೊಂಡಿದ್ದ.

ಜಂಗಮನ ಹೊಟ್ಟೆ ಊರಿನ ಹೊಸ್ತಿಲಲ್ಲಿರುತ್ತದೆ. ಮೊಣಕಾಲ ಕೆಳಗೆ ಜಂಗಿನ ಗಂಟೆ ಕಟ್ಟಿ, ಹೆಗಲಿಗೆ ಜೋಳಿಗೆ ಹಾಕಿ, ಧರ್ಮದ ಕೋರಾನ್ನ ಭಿಕ್ಷಾ ಎಂದು ಓಣಿ ಹಿಡಿದು ಹೊರಟರೆ ಆ ಸಪ್ಪಳಕ್ಕೇ ಬಾಗಿಲು ತೆರೆಯಬೇಕು. ಈರಯ್ಯನ ಅಪ್ಪನಿಗೆ ತೆರೆದಿದ್ದವು, ಅಜ್ಜನಿಗೆ ತೆರೆದಿದ್ದವು. ಹೋದ ವರ್ಷ ದೀಪಾವಳಿ ಕಳೆದ ಮೇಲೆ ಅದೇ ಸಪ್ಪಳಕ್ಕೆ ಬಾಗಿಲುಗಳು ಒಂದರ ಹಿಂದೊಂದು ಮುಚ್ಚಿಕೊಂಡವು. ಮುಂದಿನ ಬಾಗಿಲು ಮುಚ್ಚುವುದು ಮೊದಲೇ ಕೇಳಿಸುತ್ತಿತ್ತು. ಆದರೂ ಕಾಲು ನಿಲ್ಲುತ್ತಿರಲಿಲ್ಲ, ಕಾಲಿಗೆ ಬೇರೇನು ಗೊತ್ತು. ಕೂಸುಗಳನ್ನು ಕೂಡ ಒಳಗೆಳೆದುಕೊಂಡರು. ಕ್ಷೌರಿಕ ದೂರದಿಂದಲೇ ಕೈಮುಗಿದು, ನನ್ನ ಹೊಟ್ಟೀ ಮ್ಯಾಲೆ ಕಾಲ ಇಡಬ್ಯಾಡ್ರೆಪ್ಪಾ ಎಂದ. ಮದುವೆಗೆ, ಮರಣಕ್ಕೆ, ಕೂಸಿಗೆ ಲಿಂಗ ಕಟ್ಟಲಿಕ್ಕೆ ತಿಕೋಟದಿಂದ ಜಂಗಮ ಗುರುಪಾದಯ್ಯನನ್ನು ಗಾಡಿ ಕಟ್ಟಿ ಕರೆಸತೊಡಗಿದರು. ಅದೇ ತಿಕೋಟದಲ್ಲಿದ್ದ ನೀಲಾಬಾಯಿಯ ಅಣ್ಣ ಕಳಿಸುವ ಜೋಳದಲ್ಲಿ ಗಂಡಹೆಂಡಿರ ಹೊಟ್ಟೆ ನಡೆಯುತ್ತಿತ್ತು. ಜಂಗು ಗೂಟಕ್ಕೆ ಏರಿತು. ಹಲ್ಲಿ ಅದರ ಮೇಲೆ ಹರಿದಾಗ ಒಮ್ಮೊಮ್ಮೆ ತಾನೇ ಕಿಣಿ ಎನ್ನುತ್ತಿತ್ತು, ಆಗ ನೀಲಾಬಾಯಿ ಒಲೆಯ ಮುಂದೆ ತಲೆ ತಗ್ಗಿಸುತ್ತಿದ್ದಳು.

ಇಷ್ಟಕ್ಕೆಲ್ಲ ಬೇರು ಇಂಗ್ಲಿಷರನ್ನು ಓಡಿಸುವ ಚಲೇಜಾವ್ ಗದ್ದಲ. ಊರ ಹುಡುಗರು ವಿಜಾಪುರದ ದಾರಿಯಲ್ಲಿ ಸರ್ಕಾರದ ಟೆಲಿಗ್ರಾಫ್ ತಂತಿ ಕಡಿದರು. ಯಾರು ಕಡಿದರು ಎಂದು ಊರಿಗೆಲ್ಲ ಗೊತ್ತಿತ್ತು, ಸರ್ಕಾರಕ್ಕೆ ಗೊತ್ತಿರಲಿಲ್ಲ. ಆಮೇಲೊಂದು ದಿನ ಗೊತ್ತಾಯಿತು. ಪೊಲೀಸ್ ಫೌಜದಾರ ಬಂದವನೇ ಹುಡುಕಾಡಲಿಲ್ಲ, ಕೇಳಲಿಲ್ಲ, ನೇರ ಪರಸವ್ವನ ಹಿತ್ತಿಲಿಗೆ ಹೋಗಿ ಸಿದ್ದರಾಯನನ್ನು ಬಣವೆಯೊಳಗಿಂದ ಎಳೆದ. ಪರಸವ್ವನಿಗೆ ಅವನೊಬ್ಬನೇ ಮಗ. ಜೈಲಿನಲ್ಲಿ ಜ್ವರ ಬಂದು ಸತ್ತ, ಹೆಣವನ್ನೂ ಕೊಡಲಿಲ್ಲ. ಹೆಸರು ಹೇಳಿದವನು ಯಾರು? ಹಿಂದಿನ ದಿನ ಈರಯ್ಯ ವಿಜಾಪುರಕ್ಕೆ ಹೋಗಿದ್ದನ್ನು ಕಂಡವರಿದ್ದರು. ಚಾವಡಿಯಲ್ಲಿ ನಿಲ್ಲಿಸಿ, ಎದಕ ಹೋಗಿದ್ರಿ ಅಪ್ಪಾರ, ಎಂದು ಪಂಚರ ಪರವಾಗಿ ಬಸಗೊಂಡಪ್ಪ ಕೇಳಿದ. ಈರಯ್ಯ, ಕೆಲಸಿತ್ತು, ಎಂದ. ಏನ ಕೆಲಸ? ಈರಯ್ಯನ ಕೈ ತಾನಾಗಿ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನು ಮತ್ತೊಂದು ಮಾತಾಡಲಿಲ್ಲ.

ಹೇಗೆ ಆಡಲಿ? ಲಿಂಗ ನೆಲಕ್ಕೆ ಬಿದ್ದಿತ್ತು. ನಸುಕಿನಲ್ಲಿ ಎಮ್ಮೆಯ ಸಗಣಿ ಬಾಚಲು ಬಗ್ಗಿದಾಗ ಬೆಳ್ಳಿಯ ಕರಡಿಗೆಯ ಕೊಂಡಿ ಸವೆದು ಕಳಚಿ, ಮುಚ್ಚಳ ತೆರೆದು, ಹುಟ್ಟಿದ ದಿನದಿಂದ ಮೈಬಿಟ್ಟಿರದ ಲಿಂಗ ಸಗಣಿಯಲ್ಲಿ ಹೋಗಿ ಕೂತಿತ್ತು. ಲಿಂಗ ಕಳೆದವನು ಪ್ರಾಣ ಕಳೆಯಬೇಕು ಎಂದು ಪರರಿಗೆ ಬುದ್ಧಿ ಹೇಳುವ ಬಾಯಿ ಅದು. ಯಾರೂ ನೋಡಿರಲಿಲ್ಲ. ನೋಡಿದ್ದರೆ ಅವನ ಪಾದ ತೊಳೆದ ನೀರನ್ನು ಊರಿನಲ್ಲಿ ಯಾರು ಕುಡಿದಾರು? ತೊಳೆದು, ಅರಿವೆಯಲ್ಲಿ ಸುತ್ತಿ, ಎದೆಗೆ ಕಟ್ಟಿಕೊಂಡು, ನೀಲಾಬಾಯಿಗೂ ಹೇಳದೆ, ಬೆಳ್ಳಿಬಂಗಾರದ ಕೆಲಸದ ಊರಿನ ಪತ್ತಾರನಿಗೂ ತೋರಿಸದೆ ವಿಜಾಪುರದ ಪತ್ತಾರನ ಕಡೆಗೆ ಓಡಿದ್ದ. ಹೊಸ ಕೊಂಡಿ ಹಾಕಿಸಿಕೊಂಡು ಇಬ್ರಾಹಿಂಪುರದ ರೈಲುಗೇಟು ದಾಟುವಾಗ ಫೌಜದಾರನ ಬಂಗಲೆಯಿಂದ ಶಿವಶರಣಪ್ಪ ಹೊರಗೆ ಬಂದ. ಬಸಗೊಂಡಪ್ಪನ ಅಣ್ಣ ಶಿವಶರಣಪ್ಪ. ಸಾಲಿಯಲ್ಲಿ ಈರಯ್ಯನ ಜೊತೆ ಒಂದೇ ಹಲಗೆಯ ಮೇಲೆ ಬರೆದವನು. ಇಬ್ಬರಿಗೂ ಅಡಗಲಿಕ್ಕೆ ಜಾಗವಿರಲಿಲ್ಲ. ರೈಲು ಬರುವ ಹೊತ್ತು, ಗಾಡಿಗಳು ನಿಂತಿದ್ದವು, ಜನ ನೋಡುತ್ತಿದ್ದರು. ಶಿವಶರಣಪ್ಪ ನಡುದಾರಿಯಲ್ಲೇ ಕೂತು ಅವನ ಹಿಮ್ಮಡದ ಮೇಲೆ ಕೈ ಬಿಗಿದು ಹಿಡಿದ. "ತಂತೀ ಸಲುವಾಗಿ ಫೌಜದಾರ ಬಸಗೊಂಡನ್ನ ಒಯ್ಯಾಂವ ಇದ್ದನ್ರಿ ಅಪ್ಪಾ. ತಮ್ಮನ್ನ ಕೊಡಬೇಕಿತ್ತ, ಇಲ್ಲಾ ಹೆಸರ ಕೊಡಬೇಕಿತ್ತ. ಸಿದ್ದರಾಯಂದ ಹೇಳಿಬಿಟ್ಟೆ. ಯಾರ ಮುಂದೂ ಅನ್ನಂಗಿಲ್ಲಂತ ಲಿಂಗಾ ಮುಟ್ಟಿ ಹೇಳ್ರಿ." ಅಳುವವನನ್ನು ಏಳಿಸಿದರೆ ಸಾಕಾಗಿತ್ತು. ಈರಯ್ಯ ಹೊಸ ಕೊಂಡಿಯ ಕರಡಿಗೆ ಮುಟ್ಟಿ ಭಾಷೆ ಕೊಟ್ಟ.

ಕೊಟ್ಟ ಭಾಷೆಯನ್ನು ಉಳಿಸಿದೆ ಎಂದು ಎಷ್ಟೋ ಸಲ ಎದೆಯುಬ್ಬಿಸಿಕೊಂಡಿದ್ದಾನೆ. ಆದರೆ ಚಾವಡಿಯಲ್ಲಿ ಬಾಯಿ ಕಟ್ಟಿದ್ದು ಭಾಷೆಯೋ, ಸಗಣಿಯಲ್ಲಿ ಬಿದ್ದ ಲಿಂಗದ ನಾಚಿಕೆಯೋ? ಪತ್ತಾರನ ಹೆಸರು ಹೇಳಿದ್ದರೆ ಸಾಕಿತ್ತು, ಭಾಷೆಯೂ ಉಳಿಯುತ್ತಿತ್ತು, ಮಾನ ಮಾತ್ರ ಸ್ವಲ್ಪ ಹೋಗುತ್ತಿತ್ತು. ಆ ಸ್ವಲ್ಪ ಮಾನಕ್ಕೆ ಜೋತುಬಿದ್ದು ಪೂರ್ತಿ ಕಳೆದುಕೊಂಡ. ಅವನು ಸುಮ್ಮನೆ ನಿಂತಾಗ ಕಟ್ಟೆಯ ಮೂಲೆಯಲ್ಲಿದ್ದ ಶಿವಶರಣಪ್ಪ ಎದ್ದು ನಿಂತಿದ್ದ. ಈರಯ್ಯನಿಗೆ ಜೀವ ಬಂದಂತಾಗಿತ್ತು, ಗೆಳೆಯ ಬಿಟ್ಟುಕೊಡಲಿಕ್ಕಿಲ್ಲ. "ಅಪ್ಪಾರನ್ನ ನಾನೂ ಅಲ್ಲೆ ಕಂಡೆ," ಎಂದ ಶಿವಶರಣಪ್ಪ ನೆಲ ನೋಡುತ್ತ. "ಇಬ್ರಾಹಿಂಪುರದ ಗೇಟಿನಾಗ, ಫೌಜದಾರನ ಬಂಗಲೇ ಹಂತೇಕ. ಎದಕ ಬಂದಿದ್ರೋ ಅವ್ರನ್ನ ಕೇಳ್ರಿ." ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮರುದಿನ ಜಂಗಿನ ಸಪ್ಪಳಕ್ಕೆ ಮೊದಲು ಮುಚ್ಚಿದ್ದು ಅವನದೇ ಬಾಗಿಲು.

"ಅಪ್ಪಾರ ಅದಾರೇನ್ರಿ?"

ಲಿಂಗ ಇನ್ನೂ ಅಂಗೈ ಮೇಲಿತ್ತು. ಹೊಸ್ತಿಲ ಹೊರಗೆ ನಿಜವಾದ ಬಸಗೊಂಡಪ್ಪ, ನಿಜವಾದ ಮೀಸೆ, ರಾತ್ರಿಯೆಲ್ಲ ಎಚ್ಚರಿದ್ದ ಕೆಂಪು ಕಣ್ಣು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ನಿಂತಿತು. ಬಸಗೊಂಡಪ್ಪ ಬಾಗಿಲ ಚೌಕಟ್ಟಿಗೆ ಹೇಳುವವನಂತೆ ಹೇಳಿದ: "ಅಣ್ಣ ಇವತ್ತು ದಾಟಾಂಗಿಲ್ರಿ. ಜೀವ ಇರೂಮುಂದನ ತಲೀ ಮ್ಯಾಲೆ ಜಂಗಮರ ಪಾದ ಇಡಿಸ್ಕೋಬೇಕು ಅಂತಾನ. ತಿಕೋಟದ ಗುರುಪಾದಯ್ಯನವರು ಬಂದು ಕುಂತಾರ. ಅವರದ ಒಲ್ಲೆ ಅಂತಾನ. ಈರಯ್ಯನ ಪಾದನ ಬೇಕಂತ ಹಟಾ ಹಿಡದಾನ್ರಿ. ಊರ ಮಂದೀನೆಲ್ಲ ಕೂಡಸು, ಎಲ್ಲಾರ ಮುಂದ ಒಂದ ಮಾತ ಹೇಳೂದೈತಿ ಅಂದಾನ."

ಎಲ್ಲರ ಮುಂದೆ ಒಂದು ಮಾತು. ಈರಯ್ಯ ಲಿಂಗವನ್ನು ಕರಡಿಗೆಯೊಳಗಿಟ್ಟು ಕೊಂಡಿ ಸಿಕ್ಕಿಸಿ, ಸಿಕ್ಕಿತೇ ಎಂದು ಮತ್ತೊಮ್ಮೆ ಎಳೆದು ನೋಡಿದ. ನೀಲಾಬಾಯಿ ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದಳು. "ಹೋಗಿ ಬರ್ರಿ," ಎಂದಳು, "ಶಿವಾ ದಾರಿ ತೋರಸ್ಯಾನ." ಅವಳ ಕಣ್ಣು ತುಂಬಿದ್ದನ್ನು ನೋಡಿ ಅವನ ಕಣ್ಣೂ ತುಂಬಿತು. ಕಾದೆನಲ್ಲ, ಬಾಯಿಬಿಡದೆ ಕಾದೆನಲ್ಲ, ಎಂದುಕೊಂಡ. ಪೂಜೆ ಸುಳ್ಳಾಗಲಿಲ್ಲ.

ಓಣಿಯಲ್ಲಿ ಬಸಗೊಂಡಪ್ಪ ನಾಲ್ಕು ಹೆಜ್ಜೆ ಮುಂದೆ ನಡೆದ; ಜೊತೆಗೆ ನಡೆಯಲಿಕ್ಕೆ ಇನ್ನೂ ಮನಸ್ಸಿರಲಿಲ್ಲ. ಈರಯ್ಯನ ತಲೆಯೊಳಗೆ ಮಾತ್ರ ಮೆರವಣಿಗೆ ಹೊರಟಿತ್ತು. ಶಿವಶರಣಪ್ಪ ಹೇಳುತ್ತಾನೆ, ಜನ ಸ್ತಬ್ಧರಾಗುತ್ತಾರೆ, ಬಸಗೊಂಡನ ಮೀಸೆ ಇಳಿಯುತ್ತದೆ, ಪಂಚರು ಪೇಟ ತೆಗೆದು ಅಡ್ಡಬೀಳುತ್ತಾರೆ. ಆಗ ತಾನು ಏನು ಮಾಡಬೇಕು? ನಗಬಾರದು. ಸಣ್ಣಗೆ ಕೈಯೆತ್ತಿ, ಇರಲಿ ಏಳ್ರಪ್ಪಾ, ಎನ್ನಬೇಕು. ದನಿ ನಡುಗಬಾರದು, ಸ್ವಲ್ಪ ನಡುಗಿದರೆ ಚಂದ. ಇದನ್ನು ಮನಸ್ಸಿನಲ್ಲೇ ತಿದ್ದಿ ತೀಡುತ್ತ ನಡೆದವನಿಗೆ, ಸಾಯುವವನ ಮನೆಗೆ ಹೊರಟಿದ್ದೇನೆ ಎಂಬುದು ಪರಸವ್ವನ ಮನೆಯ ತಿರುವಿನಲ್ಲಿ ತಟ್ಟನೆ ನೆನಪಾಗಿ ಮುಖ ಬಿಸಿಯಾಯಿತು. ಅವಳ ಬಾಗಿಲು ಮುಚ್ಚಿತ್ತು. ಸಿದ್ದರಾಯ ಹೊಸ್ತಿಲ ಮೇಲೆ ಕೂತು, ಅವ್ವಾ ಅಪ್ಪಾರ ಬಂದ್ರು, ರೊಟ್ಟಿ ತಾ, ಎಂದು ಕೂಗುತ್ತಿದ್ದ ಬಾಗಿಲು. ಭಿಕ್ಷೆಯ ಮೊದಲ ರೊಟ್ಟಿ ಅದೇ ಮನೆಯದು.

ಪಡಸಾಲೆ ತುಂಬಿತ್ತು. ಗುರುಪಾದಯ್ಯ ಕಂಬಳಿಯ ಮೇಲೆ ಕೂತಿದ್ದ, ಉಣ್ಣಲು ಕರೆದು ಎಲೆ ಹಾಕದೆ ಕೂರಿಸಿದವರ ಮುಖದಲ್ಲಿ. ಶಿವಶರಣಪ್ಪನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹೊಟ್ಟೆಬೇನೆ ಅವನನ್ನು ಒಳಗಿಂದ ತಿಂದು ಹಾಕಿತ್ತು; ಹಣೆಗೆ ಬಳಿದ ವಿಭೂತಿಯೇ ಮುಖಕ್ಕಿಂತ ದಪ್ಪವಾಗಿ ಕಾಣುತ್ತಿತ್ತು. ಭಜನೆಯವರು ತಾಳ ನಿಲ್ಲಿಸಿದರು. ಈರಯ್ಯ ಬಂದ ಕೂಡಲೇ ಜನ ಸರಿದು ದಾರಿ ಕೊಟ್ಟರು, ಸೆರಗು ತಾಗದಂತೆ ಹೆಂಗಸರು ಮೈ ಹಿಂದಕ್ಕೆಳೆದುಕೊಂಡರು. ಬಾಗಿಲ ಬಳಿ ಪರಸವ್ವ ನಿಂತಿದ್ದಳು. ಈರಯ್ಯನಿಗೆ ಅವಳ ಮೇಲೆ ಈಗಲೇ ಮರುಕ ಬಂತು. ಪಾಪ, ಇಷ್ಟು ದಿನ ತಪ್ಪು ಮನುಷ್ಯನನ್ನು ಶಪಿಸಿದಳು.

"ಎಲ್ಲಾರೂ ಕೇಳ್ರಿ," ಎಂದ ಶಿವಶರಣಪ್ಪ. ಉಸಿರಿಗೂ ಉಸಿರಿಗೂ ನಡುವೆ ಮಾತು ತಡೆತಡೆದು ಬಂತು. "ಸಾಯೋ ಮನಷ್ಯಾ ಅದೇನಿ. ಅಪ್ಪಾರಿಂದ ತಪ್ಪಾಗೈತಿ. ಆಗಿದ್ದಾತು. ಎಟ್ಟಂದ್ರೂ ಜಂಗಮ. ನಾ ಅವ್ರನ್ನ ಕ್ಷಮಾ ಮಾಡೇನಿ. ನೀವೂ ಮಾಡ್ರಿ. ಬಸಗೊಂಡಾ, ಬಾಗಲಾ ತಗೀರಿ. ಪರಸವ್ವಾ, ನೀನೂ. ಇದ ನನ್ನ ಕಡೀ ಬೇಡಿಕಿ."

ಯಾರೋ ಬಿಕ್ಕಿದರು. ಎಂಥಾ ದೊಡ್ಡ ಮನಸೋ ಯಪ್ಪಾ, ಎಂದು ಮುದುಕನೊಬ್ಬ ಕಣ್ಣೊರೆಸಿಕೊಂಡ. ಬಸಗೊಂಡಪ್ಪ ಅಣ್ಣನ ಕಾಲ ಬಳಿ ಕುಸಿದು ಕೂಸಿನಂತೆ ಅತ್ತ. ಈರಯ್ಯನಿಗೆ ಮೊದಲು ಅರ್ಥವೇ ಆಗಲಿಲ್ಲ. ಇನ್ನೊಂದು ಮಾತು ಬಾಕಿಯಿದೆ ಎಂದು ಕಾದು ನಿಂತಿದ್ದ. ಶಿವಶರಣಪ್ಪ ಬಾಯಿ ಮುಚ್ಚಿಕೊಂಡು ಅವನನ್ನೇ ನೋಡಿದ. ಆ ಕಣ್ಣಿನಲ್ಲಿ ಮೋಸದ ಹೊಳಪಿರಲಿಲ್ಲ. ಇದ್ದರೆ ಎಷ್ಟೋ ಹಗುರಾಗುತ್ತಿತ್ತು. ಇದ್ದದ್ದು ಅಂಜಿಕೆ, ಮತ್ತು ಅಂಜಿಕೆಗಿಂತ ದೊಡ್ಡದೊಂದು ವಿಶ್ವಾಸ: ನೀನು ಹೇಳುವುದಿಲ್ಲ, ನನಗೆ ಗೊತ್ತು. ಊರಿನಲ್ಲಿ ಈರಯ್ಯನನ್ನು ಪೂರಾ ನಂಬಿದವನು ಅವನೊಬ್ಬನೇ. ಆ ನಂಬಿಕೆಯ ಮೇಲೆ ಕಾಲು ಚಾಚಿ ನೆಮ್ಮದಿಯಾಗಿ ಸಾಯಲು ಹೊರಟಿದ್ದ.

ಅಲ್ಲ, ಎನ್ನಬೇಕು. ಈಗ. ಬಾಯಿ ತೆರೆದಿತ್ತು ಕೂಡ. ಕಾಲ ಬಳಿ ಬಸಗೊಂಡಪ್ಪ ತಲೆಯೆತ್ತಿದ, ಮೀಸೆಯೆಲ್ಲ ಕಣ್ಣೀರು. ಈ ಮನುಷ್ಯನ ಜೀವಕ್ಕೆ ಸಿದ್ದರಾಯನ ಜೀವ ಕೊಟ್ಟದ್ದು ಎಂದು ಇವನಿಗೂ ಬಾಗಿಲ ಬಳಿಯ ಪರಸವ್ವನಿಗೂ ಒಟ್ಟಿಗೆ ಹೇಳುವುದೇ? ಹೇಳಿದರೆ ಯಾರು ನಂಬುತ್ತಾರೆ, ಕ್ಷಮಿಸಿದವನ ಮೇಲೆ ಕೆಸರೆರಚಿದ ಎನ್ನುತ್ತಾರೆ. ಕೈ ಮತ್ತೆ ಕರಡಿಗೆಗೆ ಹೋಗಿತ್ತು. ಜನ ಅದನ್ನು ಪಶ್ಚಾತ್ತಾಪವೆಂದೇ ತಿಳಿದರು. "ಪಾದ ಇಡ್ರಿ ಅಪ್ಪಾರ, ಹೊತ್ತಿಲ್ಲ," ಎಂದು ಗುರುಪಾದಯ್ಯನೇ ಮೆಲ್ಲಗೆ ಹೇಳಿದ. ಯಾರೋ ಚೆಂಬಿನಲ್ಲಿ ನೀರು ತಂದು ಅವನ ಬಲಗಾಲು ತೊಳೆದರು. ಊರು ಅವನ ಪಾದ ಮುಟ್ಟಿ ಎಷ್ಟು ದಿನವಾಗಿತ್ತು. ಬೆರಳ ಸಂದಿಯಲ್ಲಿ ತಣ್ಣೀರು ಇಳಿದಾಗ, ನಾಚಿಕೆಗೇಡಿ ಕಾಲಿಗೆ ಅದು ಹಿತವಾಯಿತು.

ಗೋಡೆಗೆ ಒಂದು ಕೈ ಊರಿ ಕಾಲೆತ್ತಿದ. ತಲೆ ಬಿಸಿಯಾಗಿತ್ತು, ಕೂದಲು ವಿರಳವಾಗಿತ್ತು, ಹೆಬ್ಬೆರಳ ಕೆಳಗೆ ಎಲ್ಲೋ ಒಂದು ನರ ತಟತಟ ಹೊಡೆದುಕೊಳ್ಳುತ್ತಿತ್ತು. ಒತ್ತಿಬಿಡಲೇ? ಒಂದಿಷ್ಟು ಭಾರ ಬಿಟ್ಟರೆ ಸಾಕು, ಯಾರಿಗೂ ತಿಳಿಯುವುದಿಲ್ಲ. ಈ ಒಂದು ಗಳಿಗೆಗಾಗಿಯೇ ವರ್ಷವಿಡೀ ಲಿಂಗದೆದುರು ಕೂತಿದ್ದೆನೇ ಎನಿಸಿತು. ಓಂ ನಮಃ ಶಿವಾಯ ಎಂದ, ಮಂತ್ರಕ್ಕಿಂತ ಹೆಚ್ಚಾಗಿ ಕಾಲನ್ನು ಹಿಡಿದಿಡಲಿಕ್ಕೆ. ಆಗ ಶಿವಶರಣಪ್ಪನ ಕೈ ಮೇಲೆ ಬಂದು ಅವನ ಹಿಮ್ಮಡವನ್ನು ಬಿಗಿಯಾಗಿ ಹಿಡಿಯಿತು. ರೈಲುಗೇಟಿನಲ್ಲಿ ಹಿಡಿದ ಕೈ, ಅದೇ ಬಿಗಿ. ಏನ ಭಕ್ತಿ ನೋಡ್ರೆವ್ವಾ, ಎಂದಳು ಒಬ್ಬಳು. ಹೆಬ್ಬೆರಳ ಕೆಳಗಿನ ನರ ನಿಂತ ಮೇಲೂ ಆ ಕೈ ಬಿಡಲಿಲ್ಲ. ಬಸಗೊಂಡಪ್ಪ ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಹೊರಗೆ ಬಿಸಿಲು ಏರಿತ್ತು. ಸಮಾಧಿಯ ಹೊತ್ತಿಗೆ ಬರುತ್ತೇನೆಂದು ಹೊರಟವನಿಗೆ ಓಣಿಯ ಉದ್ದಕ್ಕೂ ಬಾಗಿಲುಗಳು ತೆರೆದೇ ಇದ್ದವು. ಶರಣ್ರಿ ಅಪ್ಪಾರ, ಎಂದಿತು ಒಂದು ಹೊಸ್ತಿಲು. ಶರಣ್ರಿ, ಎಂದಿತು ಮತ್ತೊಂದು. ಮಾತು ಅವನಿಗಿಂತ ಮುಂಚೆ ಓಡಿ ಮನೆಮನೆ ತಟ್ಟಿತ್ತು. ಪರಸವ್ವ ಒಳದಾರಿಯಿಂದ ಬಂದು ತನ್ನ ಕಟ್ಟೆಯ ಮೇಲೆ ನಿಂತಿದ್ದಳು. ಕೈಯಲ್ಲಿ ರೊಟ್ಟಿ, ಅದರ ಮೇಲೆ ಪುಂಡಿಪಲ್ಯ.

"ಊರಾಗ ಹೆಣಾ ಐತಿ, ಒಲಿ ಹಚ್ಚಾಂಗಿಲ್ಲ. ಮುಂಜಾನಿ ಬಡದದ್ದರಿ," ಎಂದಳು. ಜೋಳಿಗೆ ಇರಲಿಲ್ಲ, ಈರಯ್ಯ ಹೆಗಲ ಶಲ್ಯವನ್ನೇ ಒಡ್ಡಿದ, ಒಡ್ಡಿದ ಮೇಲೆ ಯಾಕೆ ಒಡ್ಡಿದೆ ಎಂದುಕೊಂಡ. "ಸಾಯೋ ಮನಷ್ಯಾ ಬೇಡ್ಯಾನ. ಒಲ್ಲೆ ಅನ್ನಾಕ ನಾ ಯಾರು? ನನ್ನ ಮಗನ್ನ ನುಂಗಿದ ಬಾಯಿಗೆ ನನ್ನ ಕೈಯಾರೆ ರೊಟ್ಟಿ ಹಾಕಾಕತ್ತೇನಿ. ಇವತ್ತಿಗೆ ಸಿಟ್ಟ ಬಿಟ್ಟೇನ್ರಿ. ಆಶೀರ್ವಾದ ಮಾಡ್ರಿ."

"ನಾನಲ್ಲ ಬೇ, ಪರಸವ್ವಾ," ಎಂದ ಈರಯ್ಯ. ವರ್ಷವಿಡೀ ಎದೆಯಲ್ಲಿ ಕೂತಿದ್ದ ಮಾತು ಇಷ್ಟು ಸಣ್ಣ ದನಿಯಲ್ಲಿ ಬಂತು. "ಲಿಂಗದಾಣಿ, ನಾನಲ್ಲ. ಅವತ್ತ ನಾ ಹೋಗಿದ್ದು ಪತ್ತಾರನ ಕಡೆ. ಲಿಂಗಾ ಬಿದ್ದಿತ್ತು."

ಅವಳು ಅವನ ಮುಖವನ್ನು ಕನಿಕರದಿಂದ ನೋಡಿದಳು. ಶಾಪ ಹಾಕಿದಾಗಲೂ ಅವನಿಗೆ ಅಷ್ಟು ಭಯವಾಗಿರಲಿಲ್ಲ. "ಇರ್ಲಿ ಬಿಡ್ರಿ ಯಪ್ಪಾ," ಎಂದಳು. "ಈಗ್ಯಾಕ ಆ ಮಾತ." ತಲೆಯ ಮೇಲೆ ಸೆರಗೆಳೆದುಕೊಂಡು ಬಗ್ಗಿದಳು. ಅವನ ಕೈ ಅಭ್ಯಾಸಬಲದಿಂದ ಎದ್ದು ಅವಳನ್ನು ಹರಸಿತು.

ಮನೆಯಲ್ಲಿ ನೀಲಾಬಾಯಿ ಗೂಟದಿಂದ ಜಂಗು ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಶಲ್ಯದಲ್ಲಿದ್ದ ರೊಟ್ಟಿಯನ್ನು ನೋಡಿ, ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡಳು. "ಪರಸವ್ವನ ಕೈಯಿಂದು ಹೌದಲ್ರಿ? ಗುರುತ ಸಿಗತೈತಿ. ಶಿವಾ ಕಣ್ಣ ತಗದಾ. ನೀವು ದಿನಾ ಕುಂತ ಬೇಡಿದ್ದು ಎಲ್ಲಿ ಹೋದೀತು?" ಎಷ್ಟೋ ತಿಂಗಳ ಮೇಲೆ ಅವಳು ನಗುತ್ತಿದ್ದಳು, ನಕ್ಕಾಗ ಕೆನ್ನೆಯಲ್ಲಿ ಗುಳಿ ಬೀಳುತ್ತಿದ್ದುದನ್ನು ಅವನು ಮರೆತೇಬಿಟ್ಟಿದ್ದ. ಈರಯ್ಯ ಕಂಬಕ್ಕೆ ಒರಗಿ ಕೂತ. ಇವಳೊಬ್ಬಳಿದ್ದಾಳೆ. ಊರಿಗೆ ಊರೇ ತನ್ನನ್ನು ಕ್ಷಮಿಸಿ ಕೂತರೂ ಕ್ಷಮಿಸುವಂಥದ್ದು ಏನೂ ಇಲ್ಲ ಎಂದು ತಿಳಿದವಳು ಒಬ್ಬಳಿದ್ದಾಳೆ.

"ನೀಲಾ, ನಾ ಹೆಸರ ಹೇಳಿಲ್ಲಂತ ನಿನಗ ಗೊತ್ತೈತಲ್ಲ?"

ಜಂಗಿನ ಮೇಲೆ ಆಡುತ್ತಿದ್ದ ಕೈ ನಿಂತಿತು. ಅವಳು ತಲೆ ಎತ್ತಲಿಲ್ಲ. "ಯಾಕ ಅದನ್ನ ತಗೀತೀರಿ ಈಗ," ಎಂದಳು. ಆಮೇಲೆ ಕೂಸನ್ನು ರಮಿಸುವ ದನಿಯಲ್ಲಿ, "ಫೌಜದಾರ ಹೆದರಸಿರತಾನ. ಹೆದರಿಕ್ಯಾಗ ಬಾಯಾಗ ಏನರ ಬಂದಿರತೈತಿ. ದೇವ್ರಂಥವ್ರೂ ತಪ್ಪತಾರ. ಊರು ಮರತೈತಿ, ನೀವೂ ಮರತ ಬಿಡ್ರಿ. ನಾ ಎಂದರ ಒಂದ ಮಾತ ಕೇಳೇನೇನು ನಿಮ್ಮನ್ನ?"

ಕೇಳಿರಲಿಲ್ಲ. ಅದು ಅವಳ ನಂಬಿಕೆ ಎಂದೇ ತಿಳಿದಿದ್ದ. ನಾನಲ್ಲ ಎಂದಾಗ ಅವಳು ತಲೆಯಾಡಿಸಿದ್ದಳು. ಜೋಳ ಬೀಸಿದ್ದಳು, ತಿಕೋಟದ ಅಣ್ಣನ ಎದುರು ಸೆರಗೊಡ್ಡಿದ್ದಳು, ಒಂದು ದಿನವೂ ಮುಖ ಸಣ್ಣದು ಮಾಡಿರಲಿಲ್ಲ, ಇಷ್ಟನ್ನೂ ಸಿದ್ದರಾಯನನ್ನು ಕೊಂದವನಿಗಾಗಿ ಮಾಡಿದ್ದಳು. ಅವನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಹಿಡಿದುಕೊಳ್ಳಲಿಕ್ಕೆ ಏನಾದರೂ ಇರುತ್ತಿತ್ತು. ಅವಳು ರೊಟ್ಟಿ ಮುರಿದು ದೊಡ್ಡ ತುಂಡನ್ನು ಅವನ ಮುಂದಿಟ್ಟಳು, "ಉಣ್ರಿ, ಮುಂಜಾನಿಂದ ಹಸದೀರಿ."

ಪೂಜೆಯ ಹೊತ್ತಲ್ಲ. ಆದರೂ ಎದ್ದು ಒಳಗೆ ಹೋಗಿ ಮಣೆಯ ಮೇಲೆ ಕೂತ. ಕರಡಿಗೆಯ ಕೊಂಡಿ ಈಗಲೂ ಹೊಸದರಂತೆ ಹೊಳೆಯುತ್ತಿತ್ತು. ಲಿಂಗವನ್ನು ಅಂಗೈಗೆ ತೆಗೆದು ಎದೆಯ ಮಟ್ಟಕ್ಕೆ ಹಿಡಿದು ನೋಡಿದ. ಬಸಗೊಂಡಪ್ಪ ಬರಲಿಲ್ಲ. ಚಾವಡಿ ಬರಲಿಲ್ಲ, ಪಂಚರು ಬರಲಿಲ್ಲ, ಪರಸವ್ವ ಬರಲಿಲ್ಲ. ಇಷ್ಟು ದಿನ ಹೊರಗೇ ನಿಲ್ಲಿಸಿದ್ದ ಶಿವಶರಣಪ್ಪ ಕೂಡ ಬರಲಿಲ್ಲ. ಕಾದು ನೋಡಿದ; ನೀಲಾ ಸಹ ಬರಲಿಲ್ಲ. ಕರಿಯ ಹೊಳಪು ಮಾತ್ರ ಇತ್ತು, ಹಿಂದೆಂದೂ ಅಷ್ಟು ನಿಚ್ಚಳವಾಗಿ ಕಂಡಿರಲಿಲ್ಲ. ಏನು ಬೇಡಬೇಕೆಂದು ಹುಡುಕಿದ. ಬಾಗಿಲು ತೆಗೆಸೆಂದು ಬೇಡಿದ್ದ, ತೆಗೆಸಿ ಆಗಿತ್ತು.

"ಇನ್ನ ನೀ ಒಬ್ಬನ ಬಲ್ಲಿ," ಎಂದ ಗಟ್ಟಿಯಾಗಿ. ಅದು ನಂಬಿಕೆಯೋ ದೂರೋ ಅವನಿಗೇ ತಿಳಿಯಲಿಲ್ಲ.

ಪಡಸಾಲೆಯಲ್ಲಿ ನೀಲಾಬಾಯಿ ತಿಕ್ಕಿ ಒರೆಸಿದ ಜಂಗನ್ನು ಎತ್ತಿ ಒಮ್ಮೆ ಅಲ್ಲಾಡಿಸಿ ನೋಡಿದಳು. ಗಂಟೆಯ ಸಪ್ಪಳಕ್ಕೆ ಎದುರುಮನೆಯ ಬಾಗಿಲು ತೆರೆಯಿತು. ಕೈಯಲ್ಲಿ ಏನೋ ಹಿಡಿದುಕೊಂಡು ಯಾರೋ ಓಣಿ ದಾಟಿ ಬಂದರು, ಅಪ್ಪಾರ ಅದಾರೇನ್ರಿ ಎಂದು ಕೇಳಿದರು. ಅದಾರ ಬರ್ರಿ, ಎಂದಳು ನೀಲಾಬಾಯಿ. ಈರಯ್ಯ ಕೈ ಇಳಿಸದೆ ಕೂತೇ ಇದ್ದ.